ಉತ್ತರ ಧ್ರುವ ದಾಟಿ ದೇವನಹಳ್ಳಿಗೆ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ನಡುವೆ ಎಲ್ಲೂ ಇಳಿಯದೆ 11ರ ನಸುಕಿನಲ್ಲಿ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣ ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು ಎಂಬುದೇ ಅಂದು ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಅದರ ಸಂಭ್ರಮದಲ್ಲಿ ಆ ಬೋಯಿಂಗ್ 777 ಹಿಡಿದ ದಾರಿಯ ಸ್ವಾರಸ್ಯ ಮಾತ್ರ ಹಿಂದೆ ಸರಿಯಿತು.

ಈ ಎರಡು ಊರುಗಳ ನಡುವಿನ ನೇರ ಅಂತರ ಸುಮಾರು 14,000 ಕಿ.ಮೀ. ವಿಮಾನ ಕ್ರಮಿಸಿದ್ದು ಸುಮಾರು 16,000. ಮಿಕ್ಕ ಎರಡು ಸಾವಿರ ಎಲ್ಲಿಂದ ಬಂತು?

ಗೋಡೆಯ ಭೂಪಟ ನಂಬಿದರೆ ಪೆಸಿಫಿಕ್ ಸಾಗರಕ್ಕೆ ಅಡ್ಡಲಾಗಿ ಗೆರೆ ಎಳೆಯುತ್ತೇವೆ. ಗೋಳದ ಮೇಲೆ ದಾರ ಬಿಗಿದರೆ ಅದು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾದು ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಎರಡೂ ಊರುಗಳು ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದೇ ಕಾರಣ. ಸರಿಯಾಗಿ ಧ್ರುವದ ನೆತ್ತಿಯ ಮೇಲಿಂದಲೇ ಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ, ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ದಾರಿಯಷ್ಟು.

ಹಾಗಿದ್ದರೂ ದಾರದ ಗೆರೆಯಲ್ಲಿ ಹಾರುವಂತಿಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿನ ಮಾಸ್ಕ್‌ಗಳ ಆಮ್ಲಜನಕ ಕೆಲವು ನಿಮಿಷಗಳದ್ದು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ? ಹಾಗಾಗಿ ಅದನ್ನು ಬಳಸಿ ಹೋಗುವುದೇ ವಾಡಿಕೆ. ಧ್ರುವದ ಬಳಿಯ ಕಷ್ಟಗಳು ಬೇರೆ. ಅಲ್ಲಿ ಕಾಂತ ದಿಕ್ಸೂಚಿಯನ್ನು ನೆಚ್ಚುವಂತಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್ ಇಂಧನ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟಲು ತೊಡಗುವುದರಿಂದ ಪೈಲಟ್ ಟ್ಯಾಂಕಿನ ಉಷ್ಣಾಂಶದ ಮೇಲೂ ಕಣ್ಣಿಟ್ಟಿರಬೇಕು. ತೀರಾ ತಣ್ಣಗಾದರೆ ತುಸು ಬೆಚ್ಚನೆಯ ಪದರಕ್ಕೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು.

ಇಷ್ಟೆಲ್ಲ ತಾಪತ್ರಯದ ದಾರಿ ಏಕೆ ಬೇಕು? ಎದುರುಗಾಳಿ ತಪ್ಪಿಸಲು. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಬಲು ಜೋರು. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 100 ಕಿ.ಮೀ. ಎದುರುಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ಉಳಿಯುವುದು 800. ಹದಿನಾಲ್ಕು ಸಾವಿರ ಕಿ.ಮೀ. ಪಯಣಕ್ಕೆ ಅದರಿಂದ ಸುಮಾರು ಎರಡು ಗಂಟೆ ಸೇರಿಕೊಳ್ಳುತ್ತದೆ. ಬೆಂಗಳೂರಿನಿಂದ ಹೋಗುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ಬರುವ ಹಾದಿಯ ವೈರಿ ಹೋಗುವ ಹಾದಿಯ ನೆಂಟ. ಅಂತರ್ಜಾಲದ ಕ್ಯಾಲ್ಕುಲೇಟರ್‌ಗಳು ಕಿಲೋಮೀಟರನ್ನು ಒಂದು ವೇಗದಿಂದ ಭಾಗಿಸಿ ಹೋಗಿಬರುವುದಕ್ಕೆ ಒಂದೇ ಸಮಯ ಹೇಳಿದರೆ ನಂಬಬೇಡಿ. ಮೇಲಾಗಿ ಟಿಕೆಟ್‌ನಲ್ಲಿರುವುದು ಹಾರಾಟದ ಅವಧಿಯಷ್ಟೇ ಅಲ್ಲ. ಗೇಟು ಬಿಟ್ಟು ಗೇಟು ಸೇರುವವರೆಗಿನದು, ರನ್‌ವೇ ಸರದಿಯೂ ಸೇರಿ.

ರಾಜಕೀಯವೂ ದೂರ ಹೆಚ್ಚಿಸಬಲ್ಲದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಬಳಿಕ ಅಮೆರಿಕದ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಆ ಮಾರ್ಚ್‌ನಲ್ಲೇ ಯುನೈಟೆಡ್ ಏರ್‌ಲೈನ್ಸ್ ತನ್ನ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಸೇವೆ ನಿಲ್ಲಿಸಿತು.

ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರಿಗೆ ಈ ಲೆಕ್ಕಗಳಿಗಿಂತ ಗಡಿಯಾರದ್ದೇ ಚಿಂತೆ. ಚಳಿಗಾಲದಲ್ಲಿ ಎರಡು ಊರುಗಳ ವ್ಯತ್ಯಾಸ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು ಅಲ್ಲಿ ಇಳಿದಾಗ ಅದೇ ದಿನದ ಸಂಜೆ ನಾಲ್ಕೂವರೆ. ಹಿಂದಿರುಗುವಾಗ ಕ್ಯಾಲೆಂಡರ್ ಆ ಸಾಲವನ್ನು ಬಡ್ಡಿಯಿಲ್ಲದೆ ವಸೂಲು ಮಾಡುತ್ತದೆ: ಶನಿವಾರ ರಾತ್ರಿ ಹತ್ತಿದವರು ಇಳಿಯುವುದು ಸೋಮವಾರ.