ದುಬೈಗೆ ಹಾರುವ ಮುನ್ನ...

2024ರಲ್ಲಿ ಬಂದ ಮಲಯಾಳಂ ಚಿತ್ರ ‘ಆಡುಜೀವಿತಂ’ ನೋಡಿದ್ರಾ? ಕಂಪನಿ ಕೆಲಸವೆಂದು ಸೌದಿಗೆ ಹೋದ ಪೃಥ್ವಿರಾಜ್ ಮರುಭೂಮಿಯಲ್ಲಿ ಆಡು ಕಾಯುವಂತಾಗುತ್ತದೆ! ಬರೀ ಸಿನಿಮಾ ಅಂದ್ಕೋಬೇಡಿ ಸ್ವಾಮಿ.

ನಮ್ಮ ಗಾಂಧಿನಗರದ ಲೈಟ್‌ಬಾಯ್ ಒಬ್ಬ ಹೆಂಡತಿಯ ಸರ ಅಡವಿಟ್ಟು ಏಜೆಂಟನಿಗೆ ಸುರಿದಿದ್ದ. ಬಂದ ದುಬೈ ವೀಸಾ ನನಗೆ ತೋರಿಸಿದ. ನೋಡಿದ್ರೆ ವಿಸಿಟ್ ವೀಸಾ!

“ಇದ್ರಲ್ಲಿ ಊರು ಸುತ್ತಬಹುದು, ದುಡಿಯೋ ಹಾಗಿಲ್ಲ ಕಣಯ್ಯ” ಎಂದೆ.

ಅಲ್ಲಿ ವರ್ಕ್ ಪರ್ಮಿಟ್ ಮಾಡಿಸಬೇಕಾದವನು ಕೆಲಸ ಕೊಡುವ ಮಾಲೀಕ. ಕಾನೂನಿನ ಪ್ರಕಾರ ಖರ್ಚೂ ಅವನದೇ. ಹತ್ತನೇ ತರಗತಿ ಪಾಸಾಗದವರು ಅಲ್ಲಿಗೆ ದುಡಿಯಲು ಹೋಗುವುದಾದರೆ ಸಾಮಾನ್ಯವಾಗಿ ನಮ್ಮ ಸರ್ಕಾರದ ವಲಸೆ ಅನುಮತಿಯೂ ಬೇಕು. ಇವನ ಕೈಲಿ ಎರಡೂ ಇರಲಿಲ್ಲ.

ಹೊರಡಲಿಲ್ಲ. ಹಣ ಇನ್ನೂ ಬಂದಿಲ್ಲ. ಆದ್ರೆ ಪ್ಯಾಕಪ್ ಆದ್ಮೇಲೆ ಆಸಾಮಿ ದಿನಾ ಮನೆ ಸೇರ್ತಾನೆ!