ಸೆಪ್ಟೆಂಬರ್ 7ಕ್ಕೆ ಸಿಕ್ಕ ಮಾನ್ಯತೆ

ಡುಶೆನ್ ಸ್ನಾಯುಕ್ಷಯ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು. ಸರಿಸುಮಾರು 3,500ರಿಂದ 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುವ ಆನುವಂಶಿಕ ಕಾಯಿಲೆ ಇದು. ಪೋಷಕರ ಸಂಘಟನೆಗಳು 2014ರಿಂದ ಸೆಪ್ಟೆಂಬರ್ 7ನ್ನು ಇದರ ಜಾಗೃತಿ ದಿನವೆಂದು ಆಚರಿಸುತ್ತಿದ್ದವು. 2023ರ ಕೊನೆಯಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ದಿನಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ತಾರೀಖಿಗೂ ಅರ್ಥವಿದೆ: ಕೆಟ್ಟುಹೋಗುವ ಡಿಸ್ಟ್ರೋಫಿನ್ ಜೀನ್‌ನಲ್ಲಿ 79 ಎಕ್ಸಾನ್‌ಗಳಿವೆ. ಅದರಿಂದ ಏಳನೇ ತಾರೀಖು, ಒಂಬತ್ತನೇ ತಿಂಗಳು.

ಒಂದು ದಿನ ಘೋಷಿಸಿದರೆ ಮಕ್ಕಳಿಗೇನು ಬಂತು ಎಂದು ಕೇಳುವವರಿದ್ದಾರೆ. ನನ್ನ ಅಕ್ಕನ ಮಗನಿಗೆ ಈ ಕಾಯಿಲೆ ಇರುವುದರಿಂದ ಉತ್ತರ ನನಗೆ ಗೊತ್ತು. ಮೂರು ವರ್ಷವಾದರೂ ಅವನು ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದ. ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನೇ ಏಣಿಯಂತೆ ಹತ್ತುತ್ತಿದ್ದ. ಮೀನಖಂಡಗಳು ದಪ್ಪಗಿದ್ದವು. 'ಗಟ್ಟಿಮುಟ್ಟಾದ ಹುಡುಗ, ಸ್ವಲ್ಪ ಸೋಮಾರಿ' ಎಂದರು ಬಂಧುಗಳು. ಈ ಮೂರೂ ರೋಗದ ಲಕ್ಷಣಗಳು. ಸಿಕೆ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಮೊದಲ ಸುಳಿವು ಸಿಗುತ್ತದೆ, ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಅವನಿಗೆ ಆ ಪರೀಕ್ಷೆ ಆಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಸ್ಟೀರಾಯ್ಡ್ ಮತ್ತು ವ್ಯಾಯಾಮ ಚಿಕಿತ್ಸೆ ರೋಗವನ್ನು ಗುಣಪಡಿಸುವುದಿಲ್ಲ, ಆದರೆ ಮಗು ನಡೆಯುವ ಕಾಲವನ್ನು ಹೆಚ್ಚಿಸುತ್ತವೆ. ಹನ್ನೆರಡರ ಸುಮಾರಿಗೆ ಗಾಲಿಕುರ್ಚಿ ಹಿಡಿಯುವ ಮಕ್ಕಳಿಗೆ ಎರಡು ವರ್ಷ ಸಣ್ಣದಲ್ಲ.

ಇನ್ನೊಂದು ನೋವು ಮಾತಿನದು. ದೋಷ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ತಾಯಿ ವಾಹಕಳಾಗಿರಬಹುದು. ಊರಿಗೆ ಹೋದಾಗ 'ತವರಿನ ಕಡೆಯಿಂದ ಬಂದದ್ದು' ಎಂಬ ಚುಚ್ಚುಮಾತು ಅಕ್ಕನಿಗೆ ತಪ್ಪಲಿಲ್ಲ. ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿದ್ದು, ತಾಯಿಯಿಂದ ಬಂದದ್ದಲ್ಲ. ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. ಅಕ್ಕ ವಾಹಕಳೆಂದು ತಿಳಿದ ಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ವಾಹಕ ತಾಯಿಯ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧದಷ್ಟು. ಇದನ್ನು ಮುಂದಿನ ಬಸಿರಿಗೆ ಮೊದಲೇ ತಿಳಿಯುವುದು ಒಳ್ಳೆಯದು.

ಮಾನ್ಯತೆಯ ಫಲ ಕಾಗದದಲ್ಲೂ ಕಾಣಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಮಾಡಿರುವ 21 ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಒಂದು. ಆದ್ದರಿಂದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಡುಶೆನ್ ಇದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅದರಲ್ಲಿ ಅವಕಾಶವಿದೆ, ಆದರೆ ಹೊಸ ಔಷಧಿಗಳ ಬೆಲೆಯ ಮುಂದೆ ಆ ಮೊತ್ತ ಚಿಕ್ಕದು. ಮುಂಬಯಿಯ ಕೆಇಎಂ, ದೆಹಲಿಯ ಏಮ್ಸ್, ಹೈದರಾಬಾದಿನ ನಿಮ್ಸ್, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಈ ಕೇಂದ್ರಗಳಲ್ಲಿ ಸೇರಿವೆ. ಚಿಕಿತ್ಸೆಗೆ ಊರಿಗೇ ಹೋಗಬೇಕೆಂದೇನಿಲ್ಲ, ನಾವಿರುವ ನಗರದಲ್ಲೇ ವಿಚಾರಿಸಬಹುದು.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ರಕ್ತದಾನ ಶಿಬಿರ ನಡೆಸುತ್ತವೆ. ಸೆಪ್ಟೆಂಬರ್ 7ರಂದು ಒಬ್ಬ ಮಕ್ಕಳ ವೈದ್ಯರನ್ನು ಕರೆಸಿ, ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿಸಿದರೂ ಸಾಕು. ಪದೇ ಪದೇ ಬೀಳುವ ಹುಡುಗನನ್ನು ಸೋಮಾರಿ ಎನ್ನುವ ಬದಲು ಪರೀಕ್ಷೆಗೆ ಕರೆದೊಯ್ಯುವ ಒಂದು ಮನೆಯಾದರೂ ಸಿಕ್ಕೀತು.