ಆಧಾರ್ ಸಂಖ್ಯೆಯನ್ನು ಕೇಳಿದವರಿಗೆಲ್ಲ ಕೊಡಬಹುದೆ?

ಕೊಡಗಿನಲ್ಲಿ ಹೊಸಬರೊಬ್ಬರು ಅಂಗಳಕ್ಕೆ ಬಂದರೆ "ಯಾವ ಒಕ್ಕದವರು?" ಎಂದು ಹಿರಿಯರು ವಿಚಾರಿಸುವುದು ವಾಡಿಕೆ. ಒಕ್ಕದ ಹೆಸರು ತಿಳಿದರೆ ಊರೂ ನಂಟೂ ತಿಳಿದಂತೆಯೇ. ಆ ಹೆಸರನ್ನು ಮುಚ್ಚಿಡಬೇಕಾದ ಕಾರಣ ಯಾರಿಗೂ ಇಲ್ಲ. ಆದರೆ ಈಗ ಮೂರ್ನಾಡಿನಂಥ ಪುಟ್ಟ ಪೇಟೆಯಲ್ಲಿಯೂ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿದೆ: "ಆಧಾರ್ ಜೆರಾಕ್ಸ್ ತಂದಿದ್ದೀರಾ?" ಮೊಬೈಲಿನ ಸಿಮ್ ಕೊಳ್ಳುವಾಗ, ಹೋಂಸ್ಟೇಯಲ್ಲಿ ತಂಗುವಾಗ, ಕಾಫಿ ತೋಟದ ಕೆಲಸಕ್ಕೆ ಸೇರುವಾಗ ಇದೇ ಮಾತು. ನಾವೂ ಮರುಮಾತಿಲ್ಲದೆ ಕೊಟ್ಟುಬಿಡುತ್ತೇವೆ. ಹಾಗೆ ಕೊಡುವುದು ಲೇಸೆ ಎಂಬುದನ್ನು ವಾಚಕರು ತುಸು ಆಲೋಚಿಸಬೇಕು.

ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಡಲಾಯಿತು. ಜನರ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಹೀಗೆ ಸಂಗ್ರಹಿಸುವುದನ್ನು ಮೊದಲಿಗೆ ಪ್ರಶ್ನಿಸಿದವರಲ್ಲಿ ನಮ್ಮ ನಾಡಿನವರೇ ಒಬ್ಬರು ಪ್ರಮುಖರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

2018ರ ಸೆಪ್ಟೆಂಬರ್ 26ರಂದು ಇನ್ನೊಂದು ತೀರ್ಪು ಬಂದಿತು. ಸರಕಾರದ ಸಹಾಯಧನಕ್ಕೂ ಆದಾಯ ತೆರಿಗೆಗೂ ಆಧಾರ್ ಇರಬಹುದು. ಆದರೆ ಬ್ಯಾಂಕಿನ ಖಾತೆಗಾಗಲಿ, ಮೊಬೈಲಿಗಾಗಲಿ ಅದನ್ನು ಕಡ್ಡಾಯ ಮಾಡತಕ್ಕದ್ದಲ್ಲ ಎಂದು ನ್ಯಾಯಾಲಯವು ಹೇಳಿತು. 2019ರ ತಿದ್ದುಪಡಿಯ ಪ್ರಕಾರ ಗ್ರಾಹಕರು ತಾವಾಗಿ ಇಚ್ಛಿಸಿದರೆ ಬ್ಯಾಂಕು ಮತ್ತು ಟೆಲಿಫೋನ್ ಕಂಪೆನಿಗಳಲ್ಲಿ ಆಧಾರನ್ನು ಬಳಸಬಹುದು. ಅದು ಇಲ್ಲವೆಂಬ ಕಾರಣಕ್ಕೆ ಸೇವೆಯನ್ನು ನಿರಾಕರಿಸುವಂತಿಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು. ಅವರ ಹೆಸರಿನ ಮೊಕದ್ದಮೆಯು ನಮಗೆ ಒಂದು ಆಸರೆಯಾಗಿ ಉಳಿದಿದೆ.

"ಮುಚ್ಚಿಡಲು ನಮ್ಮಲ್ಲೇನಿದೆ?" ಎಂದು ಕೆಲವರು ಕೇಳಬಹುದು. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿಯ ನೋಂದಣಿ ಮಾಡಿಸಿದ್ದ ಕೆಲವರು, ತಾವು ಯಾರಿಗೂ ಗುಪ್ತ ಸಂಖ್ಯೆಯನ್ನು ಹೇಳದಿದ್ದರೂ ಬ್ಯಾಂಕಿನಿಂದ ಹಣ ಹೋಯಿತೆಂದು ಪೊಲೀಸರಲ್ಲಿ ದೂರಿತ್ತರು. ಇದು ಹೇಗೆ ಸಾಧ್ಯವೆಂದರೆ, ಹಳ್ಳಿಗರ ಅನುಕೂಲಕ್ಕಾಗಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆರಳ ಗುರುತು ಈ ಮೂರರಿಂದಲೇ ಹಣ ತೆಗೆಯುವ ಏರ್ಪಾಡೊಂದುಂಟು. ಪತ್ರಗಳ ಮೇಲೆ ಸಂಖ್ಯೆಯೂ ಹೆಬ್ಬೆಟ್ಟೂ ಒಟ್ಟಿಗೆ ಇದ್ದರೆ ಕಳ್ಳನಿಗೆ ದಾರಿ ಸುಗಮವಾಗುತ್ತದೆ. ಬೀಗದ ಕೈಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೆ?

ಆದಕಾರಣ ಮನೆಮಂದಿಯೆಲ್ಲ ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಯಾರಾದರೂ ಸಂಖ್ಯೆಯನ್ನು ಕೇಳಿದರೆ "ಏತಕ್ಕೆ? ಯಾವ ನಿಯಮದಂತೆ?" ಎಂದು ವಿನಯದಿಂದಲೇ ವಿಚಾರಿಸಿರಿ. ಗುರುತು ಮಾತ್ರ ಬೇಕಾದಲ್ಲಿ ಮತದಾರರ ಚೀಟಿಯನ್ನೋ ವಾಹನ ಚಾಲನೆಯ ಲೈಸೆನ್ಸನ್ನೋ ತೋರಿಸಿರಿ. ಆಧಾರನ್ನೇ ಕೊಡಬೇಕಾದರೆ, ಮೊದಲಿನ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಪ್ರತಿಯು ಪ್ರಾಧಿಕಾರದ ಜಾಲತಾಣದಲ್ಲಿಯೇ ದೊರೆಯುತ್ತದೆ. ಜೆರಾಕ್ಸಿನ ಮೇಲೆ ತಾರೀಖನ್ನೂ ಉದ್ದೇಶವನ್ನೂ ಬರೆದು ಸಹಿ ಹಾಕಿರಿ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಅಲ್ಲಿಯೇ ಉಂಟು; ಮನೆಯ ಮಕ್ಕಳು ಅಜ್ಜ ಅಜ್ಜಿಯರಿಗೆ ಇಷ್ಟನ್ನು ಮಾಡಿಕೊಡಲಾರರೆ?

ಕೊನೆಯದಾಗಿ ನಮ್ಮ ಜಿಲ್ಲೆಯವರಿಗೇ ಸಲ್ಲುವ ಮಾತೊಂದು. ನಾವು ಸಂಖ್ಯೆಯನ್ನು ಕೊಡುವವರು ಮಾತ್ರವಲ್ಲ, ಕೇಳುವವರೂ ಹೌದು. ಅತಿಥಿಗಳ ಪ್ರತಿಗಳು ಹೋಂಸ್ಟೇಯ ಮೇಜಿನ ಖಾನೆಯಲ್ಲಿ ಬಿದ್ದಿರುತ್ತವೆ. ಲೈನುಮನೆಯ ಕೂಲಿಯವರ ಪ್ರತಿಗಳು ತೋಟದ ಕಚೇರಿಯಲ್ಲಿರುತ್ತವೆ. ಅತಿಥಿಯಾದರೂ "ಏತಕ್ಕೆ?" ಎಂದು ಕೇಳಿಯಾನು. ದೂರದ ಅಸ್ಸಾಮಿನಿಂದ ಕೆಲಸವನ್ನರಸಿ ಬಂದ ಬಡವನು ಕೇಳಲಾರನು. ಕೇಳಿದರೆ ಕೆಲಸ ತಪ್ಪೀತೆಂಬ ಭಯ ಅವನದು. ಅವನ ಬ್ಯಾಂಕಿನಲ್ಲಿರುವುದು ಒಂದು ಕೊಯ್ಲುಕಾಲದ ದುಡಿಮೆ. ಆ ಕಾಗದವನ್ನು ಬೀಗದೊಳಗಿಟ್ಟು, ಬೇಡವಾದಾಗ ಸುಟ್ಟುಹಾಕುವುದು ನಮ್ಮ ಕರ್ತವ್ಯವೇ ಸರಿ. ಈ ಸಂಜೆಯೇ ನಿಮ್ಮ ಮೇಜಿನ ಖಾನೆಯನ್ನು ಒಮ್ಮೆ ತೆರೆದು ನೋಡಬಾರದೆ?